ಸಾಹೇಬರ ಹಾಳೆ ಮೇಲೆ ಪಟ್ನಾದ ಕುಂಚ

ಕೇಳುಗರೆಲ್ರಿಗೂ ನಮಸ್ಕಾರ. ನಮ್ಮ ರಾಜ್ಯಪಕ್ಷಿ ನೀಲಕಂಠ ಅಂತ ಸ್ಕೂಲಲ್ಲಿ ಎಲ್ರೂ ಓದಿರ್ತೀವಿ. ಆದ್ರೆ ಆ ಹಕ್ಕಿದು ನಾನು ನೋಡಿರೋ ಚಿತ್ರಗಳಲ್ಲಿ ನಂಗೆ ತುಂಬ ಹಿಡಿಸಿದ್ದು ಕರ್ನಾಟಕದಲ್ಲಿ ಬರೆದದ್ದೂ ಅಲ್ಲ, ಈಗ ಇಲ್ಲಿ ಇರೋದೂ ಅಲ್ಲ. 1780ರಲ್ಲಿ ಕಲ್ಕತ್ತಾದಲ್ಲಿ ಬರೆದದ್ದು, ಬರೆದೋನು ಪಟ್ನಾದ ಶೇಖ್ ಜೈನುದ್ದೀನ್, ದುಡ್ಡು ಕೊಟ್ಟು ಬರೆಸಿದ್ದು ಲೇಡಿ ಮೇರಿ ಇಂಪೀ ಅನ್ನೋ ಇಂಗ್ಲಿಷ್ ಹೆಂಗಸು, ಈಗ ಅದಿರೋದು ಅಮೆರಿಕದ ಮಿನಿಯಾಪೊಲಿಸ್ ಮ್ಯೂಸಿಯಂನಲ್ಲಿ. ತಮಾಷೆ ಏನಂದ್ರೆ ಹಕ್ಕಿ ಕೂತಿರೋದು ಗಂಧದ ಮರದ ಕೊಂಬೆ ಮೇಲೆ. ನಮ್ಮ ಸರ್ಕಾರದೋರೇ ಆರ್ಡರ್ ಕೊಟ್ಟು ಬರೆಸಿದ್ರೂ ಇಷ್ಟು ಚೆನ್ನಾಗಿ ಜೋಡಿಸ್ತಿರಲಿಲ್ಲವೇನೋ.

ಈ ಮೇರಿ ಇಂಪೀ ಯಾರು ಅಂದ್ರೆ ಕಲ್ಕತ್ತಾ ಸುಪ್ರೀಂ ಕೋರ್ಟಿನ ಮೊದಲನೇ ಚೀಫ್ ಜಸ್ಟಿಸ್ ಎಲೈಜಾ ಇಂಪೀ ಹೆಂಡ್ತಿ. ಗಂಡ 1774ರಲ್ಲಿ ಬಂದಿಳಿದ, ವರ್ಷಕ್ಕೆ 8,000 ಪೌಂಡ್ ಸಂಬಳ, ಮರುವರ್ಷಾನೇ ಮಹಾರಾಜ ನಂದಕುಮಾರನನ್ನ ಫೋರ್ಜರಿ ಕೇಸಲ್ಲಿ ಗಲ್ಲಿಗೇರಿಸಿದ ಕೋರ್ಟಿನ ಹಿರಿ ಜಡ್ಜ್ ಇವನೇ, ಅದರ ಗಲಾಟೆ ಲಂಡನ್ ಪಾರ್ಲಿಮೆಂಟಿನವರೆಗೂ ಹೋಯ್ತು. ಅದು ಇನ್ನೊಂದು ದಿನದ ಮಾತು, ಬಿಡಿ. ಇವರಿದ್ದ ಮನೆ ದೊಡ್ಡದು, ಸುತ್ತಲ ತೋಟ ಇನ್ನೂ ದೊಡ್ಡದು, ಅಲ್ಲಿ ಈಕೆ ಹಕ್ಕಿಗಳನ್ನ, ಪ್ರಾಣಿಗಳನ್ನ ತರಿಸಿ ಸಾಕೋಕೆ ಶುರು ಮಾಡಿದ್ಲು. ಬರೀ ಸಾಕಿದ್ರೆ ಇವತ್ತು ಈಕೆ ಹೆಸರು ಯಾರಿಗೂ ನೆನಪಿರ್ತಿರಲಿಲ್ಲ. 1777ರಿಂದ ಅವುಗಳ ಚಿತ್ರ ಬರೆಸೋಕೆ ಪಟ್ನಾ ಕಡೆಯ ಮೂವರನ್ನ ಇಟ್ಕೊಂಡ್ಲು: ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್. ಐದಾರು ವರ್ಷದಲ್ಲಿ 300ಕ್ಕೂ ಜಾಸ್ತಿ ಚಿತ್ರ ಆಯ್ತು, ಅರ್ಧಕ್ಕಿಂತ ಹೆಚ್ಚು ಹಕ್ಕಿಗಳದೇ, ಸಾಧ್ಯ ಆದಾಗೆಲ್ಲ ಹಕ್ಕಿ ಎಷ್ಟಿದೆಯೋ ಅಷ್ಟೇ ಅಳತೆಗೆ.

ಇಂಥ ಕೈಗಳು ಈಕೆಗೆ ಸುಲಭವಾಗಿ ಸಿಕ್ಕಿದ್ದು ಹೇಗೆ ಅಂತ ಕೇಳ್ಬೇಕು. ಮೊಘಲ್ ದರ್ಬಾರ್ ಸೊರಗಿದ ಮೇಲೆ ಚಿತ್ರಗಾರರ ಮನೆತನಗಳು ಮುರ್ಷಿದಾಬಾದಿನ ನವಾಬರ ಹತ್ರ ಹೋದ್ವು, ಅಲ್ಲಿಂದ ಕೆಲವರು ಪಟ್ನಾಗೆ ಬಂದ್ರು. 1757ರಲ್ಲಿ ಪ್ಲಾಸಿ ಯುದ್ಧ ಆಯ್ತು, 1765ರಲ್ಲಿ ಬಂಗಾಳ, ಬಿಹಾರದ ಕಂದಾಯ ಎತ್ತೋ ಹಕ್ಕೇ ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋಯ್ತು, 1770ರಲ್ಲಿ ಭೀಕರ ಬರ. ನವಾಬರ ಖಜಾನೆ ಖಾಲಿಯಾಗಿದ್ದು ಯಾರಿಂದ ಅಂತ ಹೇಳೋದೇ ಬೇಡ, ಅದೇ ದುಡ್ಡು ಈಗ ಕಂಪನಿ ಜನರ ಜೇಬಲ್ಲಿತ್ತು, ಚಿತ್ರಗಾರನೂ ಹೊಟ್ಟೆಪಾಡಿಗೆ ದುಡ್ಡಿದ್ದ ಕಡೆಗೆ ಹೋದ. ಹಾಗಾಗಿ ಸಾಹೇಬರು ದೊಡ್ಡ ಮನಸ್ಸು ಮಾಡಿ ಕಲೆ ಉಳಿಸಿದ್ರು ಅಂತ ಯಾರಾದ್ರೂ ಹೇಳಿದ್ರೆ ನಾನಂತೂ ಒಪ್ಪಲ್ಲ.

ಇನ್ನೊಂದು ಮಾತೂ ನಂಗೆ ಒಪ್ಪಿಗೆ ಇಲ್ಲ. ನಮ್ಮೋರು ದೇವರು, ರಾಜ, ರಾಗಮಾಲೆ ಇಷ್ಟೇ ಬರೀತಿದ್ರು, ಗಿಡ ಮರ ಹಕ್ಕಿಗಳನ್ನ ಕಣ್ಣಿಟ್ಟು ನೋಡೋದು ಕಲಿಸಿದ್ದು ಇಂಗ್ಲಿಷಿನೋರು ಅಂತ ಒಂದು ವಾದ ಇದೆ. ಜಹಾಂಗೀರ್ ಬಾದಷಾನ ಹತ್ರ ಉಸ್ತಾದ್ ಮನ್ಸೂರ್ ಅಂತ ಒಬ್ಬ ಇದ್ದ, ಹೊರದೇಶದಿಂದ ಜೀಬ್ರಾ ಬಂದ್ರೆ ಅದನ್ನ ಬರೀತಿದ್ದ, ಸೈಬೀರಿಯಾ ಕೊಕ್ಕರೆ ಬರೆದ. ಇದೆಲ್ಲ ಇಂಪೀಗಿಂತ ನೂರೈವತ್ತು ವರ್ಷ ಮೊದಲಿನ ಕಥೆ. ಜೈನುದ್ದೀನ್‌ಗೆ ಕಣ್ಣು ಅಲ್ಲಿಂದ ಬಂದದ್ದು. ಬದಲಾಗಿದ್ದು ಸಾಮಾನು. ಮೊದಲೆಲ್ಲ ಕೈಯಲ್ಲಿ ಮಾಡಿದ ಕಾಗದವನ್ನ ಕಲ್ಲಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿ, ಗಟ್ಟಿ ಬಣ್ಣ ಪದರ ಪದರವಾಗಿ ಹಚ್ಚಿ, ಸುತ್ತ ಅಂಚು ಬಿಡಿಸಿ, ಕೈಯಲ್ಲಿ ಹಿಡಿದು ನೋಡೋ ಸೈಜಿಗೆ ಬರೀತಿದ್ರು. ಇಲ್ಲಿ ಇಂಗ್ಲೆಂಡಿನಿಂದ ಬಂದ ದೊಡ್ಡ ದೊಡ್ಡ ವಾಟ್‌ಮನ್ ಹಾಳೆ, ನೀರಾಗಿರೋ ವಾಟರ್ ಕಲರ್, ಹಿಂದೆ ಆಕಾಶವೂ ಬೇಡ ಬೆಟ್ಟವೂ ಬೇಡ, ಹಾಳೆ ಬಿಳಿ ಬಿಳಿಯಾಗೇ ಇರಲಿ ಅನ್ನೋ ಆರ್ಡರ್.

ಆ ಬಿಳಿ ಜಾಗದಲ್ಲಿ ಜೈನುದ್ದೀನ್ ಏನು ಮಾಡ್ದ ಅಂತ ನೋಡ್ಬೇಕಾದ್ರೆ 1777ರ ಇನ್ನೊಂದು ಚಿತ್ರ ಹೇಳ್ತೀನಿ, ಅದೂ ಮಿನಿಯಾಪೊಲಿಸ್‌ನಲ್ಲೇ ಇದೆ. ಎಲಚಿ ಗಿಡದ ಕೊಂಬೆ, ಅದರ ಮೇಲೆ ತಲೆಗೆ ಕಪ್ಪು ಟೋಪಿ ಹಾಕಿದ ಹಾಗಿರೋ ಮೈನಾ, ಅದೇ ಕರಿತಲೆ ಕಬ್ಬಕ್ಕಿ. ಅಷ್ಟೇ ಆಗಿದ್ರೆ ಹಕ್ಕಿ ಪುಸ್ತಕದ ಚಿತ್ರ ಅಂತ ಪುಟ ತಿರುವಬಹುದಿತ್ತು. ಆದ್ರೆ ಅದೇ ಹಾಳೆಯಲ್ಲಿ ಟಸರ್ ರೇಷ್ಮೆ ಜಾತಿಯ ಎರಡು ಪತಂಗ, ಒಂದು ಹುಳ, ಒಂದು ಗೂಡು, ಎಲ್ಲ ಇವೆ. ಆ ಹುಳ ತಿನ್ನೋ ಎಲೆಗಳಲ್ಲಿ ಎಲಚಿ ಎಲೆಯೂ ಒಂದು, ಅಂದ್ರೆ ಯಾವುದನ್ನೂ ಚೆಂದಕ್ಕೆ ಅಂತ ಅಂಟಿಸಿಲ್ಲ. ಒಂದು ಹುಳದ ಇಡೀ ಬದುಕು ಒಂದೇ ಕೊಂಬೆ ಮೇಲಿದೆ, ಅದೇ ಕೊಂಬೆ ಮೇಲೆ ಹುಳ ತಿನ್ನೋ ಹಕ್ಕಿಯೂ ಇದೆ. ಮಿನಿಯೇಚರ್ ಅನ್ನೋ ಆ ಹಳೇ ಸಣ್ಣ ಚಿತ್ರಗಳಲ್ಲಿ ಪಳಗಿದ ಕೈ ಆದ್ದರಿಂದ ಒಂದೊಂದು ಗರಿಯ ಎಳೆಯೂ ಬೇರೆ ಬೇರೆ ಕಾಣುತ್ತೆ. ಕೊಂಬೆ ಮಾತ್ರ ಹಾಳೆಯ ಒಂದು ಕಡೆಯಿಂದ ಹೊರಟು ಚಿತ್ರಗಾರನಿಗೆ ಬೇಕಾದ ಹಾಗೆ ಬಳುಕುತ್ತೆ. ನಿಜವಾದ ಎಲಚಿ ಗಿಡ ಇಷ್ಟು ಮರ್ಯಾದೆಯಿಂದ ಬೆಳೆಯಲ್ಲ, ಯಾರಿಗಾದ್ರೂ ಮುಳ್ಳು ಚುಚ್ಚಿದ್ರೆ ಗೊತ್ತಿರುತ್ತೆ.

ಭವಾನಿ ದಾಸ್‌ದು ಅಂತ ಹೇಳೋ ಒಂದು ಬಾವಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಸಂಜೆ ಹೊತ್ತು ಆಲದ ಮರದಿಂದ ಹಾರೋ ಆ ದೊಡ್ಡ ಬಾವಲಿನೇ. ಒಂದು ರೆಕ್ಕೆ ಪೂರ್ತಿ ಬಿಚ್ಚಿದೆ, ಇನ್ನೊಂದು ಮಡಚಿದೆ. ಬಿಚ್ಚಿದ್ರೆ ಹೇಗೆ, ಮಡಚಿದ್ರೆ ಹೇಗೆ ಅನ್ನೋದು ಒಂದೇ ನೋಟಕ್ಕೆ ಸಿಗುತ್ತೆ. ವಿಜ್ಞಾನಕ್ಕೂ ಇದು ಬೇಕಾದದ್ದೇ, ಆದ್ರೆ ಆ ಪ್ರಾಣಿ ನಮ್ಮನ್ನ ನೋಡೋ ರೀತಿ ಇದೆಯಲ್ಲ, ಅದನ್ನ ಬರಿ ಅಂತ ಯಾವ ವಿಜ್ಞಾನಿನೂ ಹೇಳಿರಲ್ಲ.

ಈಗ ಹೆಸರಿನ ವಿಷಯಕ್ಕೆ ಬರ್ತೀನಿ, ನಾನು ಮುಖ್ಯವಾಗಿ ಹೇಳ್ಬೇಕು ಅಂದ್ಕೊಂಡಿದ್ದೇ ಇದು. ಇಂಪೀ ಚಿತ್ರಗಳ ಮೂಲೆಯಲ್ಲಿ ಇದು ಲೇಡಿ ಇಂಪೀ ಸಂಗ್ರಹ, ಬರೆದೋನು ಪಟ್ನಾದ ಜೈನುದ್ದೀನ್ ಅಂತ ಇಂಗ್ಲಿಷಲ್ಲಿ ಬರೆದಿದೆ, ಪರ್ಷಿಯನ್‌ನಲ್ಲಿ ಅವನ ಹೆಸರು ಬೇರೆ ಇದೆ. ಅಷ್ಟರ ಮಟ್ಟಿಗೆ ಈಕೆಗೆ ಮೆಚ್ಚುಗೆ ಹೇಳ್ಲೇಬೇಕು, ಎಷ್ಟೋ ಸಾಹೇಬರು ಅದನ್ನೂ ಮಾಡ್ಲಿಲ್ಲ. ಆದ್ರೆ ಚಿತ್ರಗಳು ಇಂಗ್ಲೆಂಡಿಗೆ ಹೋದ ಮೇಲೆ ಏನಾಯ್ತು? ಭಾರತಕ್ಕೆ ಕಾಲೇ ಇಡದ ಜಾನ್ ಲೇಥಮ್ ಅನ್ನೋ ಪಕ್ಷಿವಿಜ್ಞಾನಿ ಈ ಚಿತ್ರಗಳನ್ನೂ ನೋಡಿ ನಮ್ಮ ಹಕ್ಕಿಗಳ ವರ್ಣನೆ ಬರೆದ. ಹಿಮಾಲಯದ ಮೋನಾಲ್ ಹಕ್ಕಿಗೆ ವಿಜ್ಞಾನದಲ್ಲಿ ಇಂಪೆಜಾನಸ್ ಅಂತ ಮೇಡಂ ಹೆಸರು ಸೇರಿಕೊಳ್ತು. ಕುಂಚ ಹಿಡಿದ ಮೂವರ ಹೆಸರಲ್ಲಿ ಹಕ್ಕಿ ಇರಲಿ, ಒಂದು ಗರಿಯೂ ಇಲ್ಲ. 1809ರಲ್ಲಿ ಗಂಡ ಎಲೈಜಾ ಇಂಪೀ ತೀರಿಕೊಂಡ, ಮರುವರ್ಷ ಲಂಡನ್‌ನಲ್ಲಿ ಚಿತ್ರಗಳು ಹರಾಜಾಗಿ ಚೆಲ್ಲಾಪಿಲ್ಲಿ ಆದ್ವು. 2019ರಲ್ಲಿ ಲಂಡನ್‌ನ ವಾಲೇಸ್ ಕಲೆಕ್ಷನ್‌ನಲ್ಲಿ ಪ್ರದರ್ಶನ ಆದಾಗ ಚಿತ್ರಗಾರರ ಹೆಸರನ್ನೇ ಮುಂದಿಟ್ಟು ತೋರಿಸಿದ್ರು. ತಡವಾದ್ರೂ ಆಯ್ತಲ್ಲ.

ಹೀಗೆ ಸಾಹೇಬರಿಗೋಸ್ಕರ ನಮ್ಮ ಚಿತ್ರಗಾರರು ಬರೆದದ್ದಕ್ಕೆ ಕಂಪನಿ ಚಿತ್ರಗಳು ಅಂತಾರೆ, ಅವೆಲ್ಲವೂ ಇಷ್ಟು ಚೆನ್ನಾಗಿವೆ ಅಂತ ಹೇಳೋಕಾಗಲ್ಲ. ದೆಹಲಿಯಲ್ಲಿ ಫ್ರೇಸರ್ ಅಣ್ಣತಮ್ಮಂದಿರು 1815ರಿಂದ ಬರೆಸಿದ ಹಳ್ಳಿಗರ, ಸಿಪಾಯಿಗಳ ಚಿತ್ರಗಳು ಅದ್ಭುತ, ಒಂದೊಂದು ಮುಖವೂ ಒಬ್ಬೊಬ್ಬ ಮನುಷ್ಯ. ಆದ್ರೆ ತಂಜಾವೂರು, ಪಟ್ನಾ ಕಡೆ ಸೆಟ್ ಸೆಟ್ಟಾಗಿ ಮಾರ್ತಿದ್ದ ಚಿತ್ರಗಳು ಇದ್ವಲ್ಲ, ಅಗಸ ಮತ್ತವನ ಹೆಂಡ್ತಿ, ಕಮ್ಮಾರ ಮತ್ತವನ ಹೆಂಡ್ತಿ, ಹಾವಾಡಿಗ ಮತ್ತವನ ಹೆಂಡ್ತಿ, ಇವನ್ನ ನಾಲ್ಕು ನೋಡೋ ಹೊತ್ತಿಗೆ ನಂಗೆ ಬೇಜಾರಾಗುತ್ತೆ. ಕಾಗೆಬಂಗಾರದ, ಅಂದ್ರೆ ಮೈಕಾದ, ಹಾಳೆ ಮೇಲೆ ಬರೆದು ಕೊಡೋರೂ ಇದ್ರು. ಊರಿಗೆ ಹೋಗೋ ಸಾಹೇಬ ಪೆಟ್ಟಿಗೆಗೆ ಹಾಕ್ಕೊಂಡು ಹೋಗೋ ಸಾಮಾನು ಅದು, ಜನ ಅಂದ್ರೆ ಬರೀ ಜಾತಿ, ಕಸುಬು ಅನ್ನೋ ಹಾಗೆ ನೋಡೋ ನೋಟ.

ದಕ್ಷಿಣಕ್ಕೆ ಬಂದ್ರೆ ರಾಬರ್ಟ್ ವೈಟ್ ಅನ್ನೋ ಕಂಪನಿ ಡಾಕ್ಟರ್ ಸಸ್ಯಶಾಸ್ತ್ರಿ ಇದ್ದ, ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ. ಮೊದಲು ರಂಗಯ್ಯ, ಆಮೇಲೆ ಗೋವಿಂದೂ ಅನ್ನೋ ಇಬ್ಬರು ಅವನ ಪುಸ್ತಕಗಳಿಗೆ ಗಿಡಗಳನ್ನ ಬರೆದು ಕೊಟ್ರು, ಅವನ ದೊಡ್ಡ ಗ್ರಂಥದಲ್ಲೇ ಎರಡು ಸಾವಿರಕ್ಕಿಂತ ಹೆಚ್ಚು ಚಿತ್ರಗಳಿವೆ. ಈ ವೈಟ್ ಒಂದು ಆರ್ಕಿಡ್‌ಗೆ ಗೋವಿಂದೂಯ ಅಂತ ಹೆಸರಿಟ್ಟ, ಚಿತ್ರಗಾರನ ಹೆಸರನ್ನೇ! ಮುಂದೆ ಆ ಗಿಡವನ್ನ ಬೇರೆ ಕುಲಕ್ಕೆ ಸೇರಿಸಿದ್ರಿಂದ ಆ ಹೆಸರು ಈಗ ಬಳಕೆಯಲ್ಲಿಲ್ಲ, ಗೋವಿಂದೂ ಅದೃಷ್ಟ ಅಷ್ಟೇ.

ನಮ್ಮ ಶಿವಮೊಗ್ಗಕ್ಕೂ ಇದರ ನಂಟಿದೆ. 1840ರ ದಶಕದಲ್ಲಿ ಹ್ಯೂ ಕ್ಲೆಗಾರ್ನ್ ಅನ್ನೋ ಯುವಕ ಡಾಕ್ಟರ್, ಶಿವಮೊಗ್ಗ ಸೇರಿದ್ದ ಆಗಿನ ‘ನಗರ’ ಅನ್ನೋ ಹೆಸರಿನ ವಿಭಾಗಕ್ಕೆ ಪೋಸ್ಟಿಂಗ್ ಆಗಿ ಬಂದ, ಮುಂದೆ ಮದ್ರಾಸಿನಲ್ಲಿ ಕಾಡು ಇಲಾಖೆ ಕಟ್ಟಿದೋನು ಇವನೇ. ಶಿವಮೊಗ್ಗದಲ್ಲಿದ್ದಾಗ ದಿನಕ್ಕೊಂದು ಗಿಡ ಅನ್ನೋ ಹಾಗೆ ಒಬ್ಬ ಮರಾಠಿ ಚಿತ್ರಗಾರನಿಂದ ಬರೆಸ್ತಾ ಹೋದ. ನಮ್ಮ ಮಲೆನಾಡು ಅಂಚಿನ ಗಿಡಗಳ ಆ ಚಿತ್ರಗಳು ಈಗ ಎಡಿನ್‌ಬರೋ ಬೊಟಾನಿಕ್ ಗಾರ್ಡನ್‌ನಲ್ಲಿವೆ, ಬರೆದೋನ ಹೆಸರು ಮಾತ್ರ ಉಳಿದಿಲ್ಲ.

ಕ್ಯಾಮೆರಾ ಬಂದ ಮೇಲೆ ಜನರ ಚಿತ್ರ, ಕಟ್ಟಡದ ಚಿತ್ರ ಬರೆಯೋರಿಗೆ ಕೆಲಸ ತಪ್ಪಿತು. ಗಿಡ ಬರೆಯೋರು ಮಾತ್ರ ಇನ್ನಷ್ಟು ಕಾಲ ಉಳಿದ್ರು, ಯಾಕಂದ್ರೆ ಆಗಿನ ಫೋಟೋಗೆ ಬಣ್ಣ ಇಲ್ಲ, ಹೂವನ್ನ ಸೀಳಿ ಒಳಗಿನ ಕೇಸರ ತೋರಿಸೋಕೂ ಆಗಲ್ಲ. ಬೆಂಗಳೂರಿನ ಲಾಲ್‌ಬಾಗ್‌ನಲ್ಲೇ ಜಾನ್ ಕ್ಯಾಮರನ್ ಕಾಲದಲ್ಲಿ, 1880ರ ದಶಕದಲ್ಲಿ, ಚೆಲುವಯ್ಯ ರಾಜು ಅನ್ನೋರು ತೋಟದ ಗಿಡಗಳನ್ನ ಒಂದೊಂದಾಗಿ ಬರೆದ್ರು. ವೈಟ್ ಪುಸ್ತಕಗಳಂತೂ ಈಗ ಸ್ಕ್ಯಾನ್ ಆಗಿ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗ್ತವೆ. ತೆಗೆದು ನೋಡೋರು ಗಿಡ ನೋಡಿ ಮುಂದಕ್ಕೆ ಹೋಗ್ಬೇಡಿ, ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಗೋವಿಂದೂ ಅಂತ ಅಚ್ಚಾಗಿರುತ್ತೆ, ಅದನ್ನೂ ಓದಿ.