ಗಲಾಪಗೋಸ್‌ನಲ್ಲಿ ನೀರಿಗಿಳಿಯೋ ಮುಂಚೆ ಮಾಸ್ಕ್ ಉಜ್ಜಿ

ಹ್ಞಾಂ, ಈ ಕಪ್ಪು ನೆಲ ಕಾಣ್ತಿದೆಯಲ್ಲ, ಇದು ಗಲಾಪಗೋಸ್ ದ್ವೀಪಗಳಲ್ಲೊಂದಾದ ಫರ್ನಾಂಡಿನಾ. ಹಿಂದೆ ಕೇಳ್ತಿರೋ ಸದ್ದು ಮಾತ್ರ ಅಲ್ಲಿನ ಸಮುದ್ರದ್ದಲ್ಲ, ಮಡಿಕೇರಿ ಮಳೆದು. ವಾಯ್ಸ್ ಇಲ್ಲೇ ಕೊಡ್ತಿರೋದು, ಶೀಟಿನ ಮೇಲೆ ಸುರೀತಾನೇ ಇದೆ, ಸಹಿಸ್ಕೊಳ್ಳಿ.

ದಕ್ಷಿಣ ಅಮೆರಿಕದ ಎಕ್ವಡಾರ್ ದಡದಿಂದ ಸುಮಾರು ಸಾವಿರ ಕಿಲೋಮೀಟರ್ ಪಶ್ಚಿಮಕ್ಕಿದೆ ಈ ಜಾಗ. 2024ರ ಮಾರ್ಚ್‌ನಲ್ಲೂ ಇಲ್ಲಿನ ಲಾ ಕುಂಬ್ರೆ ಜ್ವಾಲಾಮುಖಿ ಲಾವಾ ಉಗುಳಿತ್ತು. ಪಕ್ಕದ್ದು ಇಸಬೆಲಾ. ಅಲ್ಲಿರೋ ವುಲ್ಫ್ ಜ್ವಾಲಾಮುಖಿ 1,700 ಮೀಟರ್ ಚಿಲ್ಲರೆ, ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟ 1,748. ದೋಣಿಯಿಂದ ಇಳಿಯೋದೆಲ್ಲ ಕಾಣ್ತಿದೆ, ಹೇಳಲ್ಲ. ಚಪ್ಪಲಿ ಮಾತ್ರ ಬೇಡ, ಶೂ ಹಾಕಿ. ಈ ಲಾವಾ ನೆಲ ಪಾಕ ಚೆಲ್ಲಿ ಗಟ್ಟಿಯಾದ ಹಾಗಿದೆ ಅಂತ ಕಾಲಿಟ್ರೆ ಅಂಚು ಕುಯ್ಯುತ್ತೆ.

ಈ ಇಗ್ವಾನಾ ನೋಡಿ, ಸಮುದ್ರಕ್ಕಿಳಿಯೋ ದೊಡ್ಡ ಹಲ್ಲಿ, ಈಗ... ಪಿಚಕ್! ಮೂಗಿಂದ ಹಾರಿದ್ದು ಉಪ್ಪುನೀರು. ಸಮುದ್ರದ ಪಾಚಿ ತಿನ್ನುವಾಗ ಒಳಗೆ ಹೋದ ಉಪ್ಪನ್ನ ಮೂಗಿನ ಗ್ರಂಥಿ ಹೊರಗೆ ಹಾಕುತ್ತೆ. ತಲೆ ಮೇಲೆ ಬಿಳಿ ಕಟ್ಟಿರೋದೂ ಅದೇ.

ಸರಿ, ನೀರು. ಭೂಮಧ್ಯರೇಖೆ ಅಂತ ಬೆಚ್ಚಗಿರುತ್ತೆ ಅನ್ಕೋಬೇಡಿ. ಈ ಪಶ್ಚಿಮದ ಕಡೆ ಕ್ರಾಮ್‌ವೆಲ್ ಅನ್ನೋ ಸಮುದ್ರದೊಳಗಿನ ಪ್ರವಾಹ ಆಳದ ತಣ್ಣೀರನ್ನ ಮೇಲಕ್ಕೆ ತಳ್ಳುತ್ತೆ. ಪೆಂಗ್ವಿನ್ ಇಲ್ಲಿ ಬದುಕೋದೇ ಅದರಿಂದ. ಜೂನ್‌ನಿಂದ ನವೆಂಬರ್‌ವರೆಗೆ 5 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಕೇಳಿ, ಮೈಗಂಟೋ ರಬ್ಬರ್ ಉಡುಪು ಅದು. ಕುತ್ತಿಗೆ, ಸೊಂಟದ ಹತ್ರ ಸಡಿಲ ಇದ್ರೆ ಒಳಗೆ ಬೆಚ್ಚಗಾದ ನೀರು ನಿಲ್ಲಲ್ಲ, ಹಾಕಿದ್ದೂ ದಂಡ.

ಈ ಶಾಟ್ ಪೂರ್ತಿ ಬೆಳ್ಳಗಿದೆಯಲ್ಲ, ಕ್ಯಾಮೆರಾ ಕೆಟ್ಟಿಲ್ಲ. ನೀರಲ್ಲಿ ನೋಡೋಕೆ ಕಣ್ಣು-ಮೂಗಿಗೆ ಹಾಕೋ ಮಾಸ್ಕ್ ಮಂಜಾದ್ರೆ ಒಳಗಿಂದ ಹೇಗೆ ಕಾಣುತ್ತೆ ಅಂತ ತೋರಿಸ್ತಿರೋದು. ಅಷ್ಟು ದುಡ್ಡು ಕೊಟ್ಟು ಬಂದು ಮಂಜು ನೋಡೋದಾದ್ರೆ ರಾಜಾಸೀಟ್ ಸಾಕಿತ್ತು! ಹೊಸ ಮಾಸ್ಕ್‌ನ ಗಾಜಿನ ಒಳಗಡೆ ಕಣ್ಣಿಗೆ ಕಾಣದ ಸಿಲಿಕೋನ್ ಪದರ ಇರುತ್ತೆ, ತಯಾರಿಸುವಾಗ ಕೂತಿದ್ದು. ಉಸಿರಿನ ಹಬೆ ಅದರ ಮೇಲೆ ಸಣ್ಣ ಹನಿ ಕಟ್ಟುತ್ತೆ, ಹೊರಗೆ ನೀರು ತಣ್ಣಗಿದ್ದಷ್ಟೂ ಜಾಸ್ತಿ. ಅದಕ್ಕೆ ಮನೇಲೇ ಬಿಳಿ ಟೂತ್‌ಪೇಸ್ಟ್ ತಗೊಳ್ಳಿ, ಜೆಲ್ ಬೇಡ. ಕಡಲೆಕಾಳಷ್ಟು ಹಾಕಿ ಬೆರಳಲ್ಲಿ ಎರಡು ನಿಮಿಷ ಉಜ್ಜಿ ತೊಳೀರಿ. ಮೂರ್ನಾಲ್ಕು ಸಲ ಮಾಡಿ, ಆಮೇಲೆ ಗಾಜಿಗೆ ‘ಹಾ’ ಅಂತ ಊದಿ ನೋಡಿ. ಮಂಜು ಕಟ್ಟಿ ನಿಂತ್ರೆ ಇನ್ನೊಂದು ಸುತ್ತು. ಪ್ಲಾಸ್ಟಿಕ್ ಲೆನ್ಸ್ ಆದ್ರೆ ಮಾತ್ರ ಉಜ್ಜಬೇಡಿ, ಗೀರು ಬೀಳುತ್ತೆ. ದೋಣೀಲಿ ಬೇಬಿ ಶಾಂಪೂ ಒಂದೇ ಹನಿ ಸವರಿ, ಒಮ್ಮೆ ಅದ್ದಿ ತೆಗೆದು ಹಾಕ್ಕೊಳ್ಳಿ. ಹಣೆ ಮೇಲೆ ಏರಿಸಿ ಇಟ್ಕೋಬೇಡಿ, ಬೆವರಿನ ಬಿಸಿಗೇ ಮತ್ತೆ ಮಂಜು, ಕುತ್ತಿಗೇಲಿ ನೇತಾಡಲಿ. ಮೂಗಲ್ಲಿ ಉಸಿರು ಬಿಡೋ ಹಾಗೂ ಇಲ್ಲ.

ಮೀಸೆ ಇದ್ರೆ ಮಾಸ್ಕ್ ಒಳಗೆ ನೀರು ಸೋರುತ್ತೆ. ನಮ್ಮ ಕಡೆ ಮೀಸೆ ತೆಗೀರಿ ಅಂದ್ರೆ ಜಗಳ ಆಗುತ್ತೆ, ಪೂರ್ತಿ ಬೇಡ. ಮೂಗಿನ ಕೆಳಗೆ ಒಂದು ಗೆರೆ ಟ್ರಿಮ್ ಮಾಡಿ. ಮುಖ ಪೂರ್ತಿ ಮುಚ್ಚೋ ಮಾಸ್ಕ್ ಬರೀ ದುಡ್ಡು ದಂಡ. ಸ್ವಲ್ಪ ಮುಳುಗಿದ್ರೂ ನೀರಿನ ಒತ್ತಡಕ್ಕೆ ಕಟ್ಟೋ ಕಿವಿ ಬಿಡಿಸೋಕೆ ಮೂಗು ಹಿಡಿಯೋಕಾಗಲ್ಲ.

ಅಯ್ಯೋ, ಆಮೆ ಬಂದೇಬಿಡ್ತು. ಅದರ ಮೇಲೆ ಹೋಗಬೇಡಿ, ಪಕ್ಕದಲ್ಲಿ ಈಜಿ. ಉಸಿರಿಗೆ ಅದು ಮೇಲೆ ಬರಲೇಬೇಕು. ಪ್ರಾಣಿಯಿಂದ ಎರಡು ಮೀಟರ್ ದೂರ ಅನ್ನೋದು ನಿಯಮ. ಈ ಸಮುದ್ರ ಸಿಂಹದ ಮರಿಗೆ ಮಾತ್ರ ಯಾರೂ ಹೇಳಿಲ್ಲ, ಮೂತಿ ಹತ್ರಕ್ಕೇ ಬರ್ತಿದೆ. ಕೈ ಚಾಚಬೇಡಿ. ದಪ್ಪ ಕುತ್ತಿಗೆ ಗಂಡು ಬೊಗಳ್ತಾ ಬಂದ್ರೆ ನಿಧಾನ ಸರೀರಿ.

ಹೊರಗಿನ ಗಿಡ-ಬೀಜ ದ್ವೀಪಕ್ಕೆ ಬರಬಾರದು ಅಂತ ಇಲ್ಲಿ ಶೂ ಅಡಿ ತೊಳಿಸ್ತಾರೆ, ಬ್ಯಾಗ್ ಜಾಲಾಡ್ತಾರೆ, ಬೀಜ, ತಾಜಾ ಹಣ್ಣು ಒಂದೂ ಬಿಡಲ್ಲ. ಅತಿ ಆಯ್ತು ಅನ್ಸುತ್ತೆ. ಆದ್ರೆ ಸಾಂತಾ ಕ್ರೂಸ್ ದ್ವೀಪದ ಮೇಲ್ಭಾಗದ ಕಾಡನ್ನ ಮುಚ್ಚಿಹಾಕ್ತಿರೋ ಮುಳ್ಳುಬಳ್ಳಿ ಯಾವುದು ಗೊತ್ತಾ? ಇಂಗ್ಲಿಷಲ್ಲಿ ಮೈಸೂರ್ ರಾಸ್ಪ್‌ಬೆರಿ ಅಂತಾರಲ್ಲ, ನಮ್ಮ ಘಟ್ಟದ್ದೇ! ತೊಳೀಲಿ ಬಿಡಿ, ಎರಡು ಸಲ ತೊಳೀಲಿ. ಅದೇ ಮೇಲ್ಭಾಗದಲ್ಲಿ ಅರೇಬಿಕಾ ಕಾಫಿನೂ ಇದೆ, ನಮ್ಮ ತೋಟಕ್ಕಿಂತ ಎಷ್ಟೋ ತಗ್ಗಲ್ಲಿ. ತಣ್ಣನೆ ಹವೆಗೆ ಬೆಳೆಯುತ್ತೆ. ಕಾಫಿ ಕಥೆ ಶುರು ಮಾಡಿದ್ರೆ ಮುಗಿಯಲ್ಲ, ಕ್ಲಿಪ್ ಮುಗೀತಿದೆ.

ಬೇಗ ಹೇಳ್ಬಿಡ್ತೀನಿ: ಪಾರ್ಕ್ ಶುಲ್ಕ ವಿದೇಶಿ ವಯಸ್ಕರಿಗೆ 200 ಡಾಲರ್. 2024ರ ಆಗಸ್ಟ್‌ಗೆ ಮುಂಚೆ 100 ಇತ್ತು. ನಗದು ಇಟ್ಕೊಳ್ಳಿ, ಕಾರ್ಡ್ ನಂಬ್ಕೋಬೇಡಿ. ದ್ವೀಪಕ್ಕೆ ಹೋಗೋರು ಮಾಡಿಸಬೇಕಾದ ಟ್ರಾನ್ಸಿಟ್ ಕಾರ್ಡ್ ಬೇರೆ, ಅದು ಎಕ್ವಡಾರ್‌ನ ಕೀಟೋ ಅಥವಾ ಗ್ವಾಯಕಿಲ್ ಏರ್‌ಪೋರ್ಟಲ್ಲೇ, ಲಗೇಜ್ ಕೊಡೋ ಮುಂಚೆ.