ಗೋಡೆಯ ಎರಡು ಬದಿಗೆ ಒಂದೇ ಬಜೆಟ್: ಬೆಲ್‌ಫಾಸ್ಟ್‌ನಲ್ಲಿ ಶಾಂತಿ ಕೆಲಸಕ್ಕೆ ಹಣ ಹೇಗೆ ಹರಿಯುತ್ತೆ?

[ದೃಶ್ಯ: ಬೆಲ್‌ಫಾಸ್ಟ್ ನಕ್ಷೆ, ಲಾನಾರ್ಕ್ ವೇ ಗೇಟಿನತ್ತ ಝೂಮ್]

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್. ಶಾಂಕಿಲ್ ರಸ್ತೆಯ ಕಡೆ ಹೆಚ್ಚಾಗಿ ಪ್ರೊಟೆಸ್ಟೆಂಟರು, ಸ್ಪ್ರಿಂಗ್‌ಫೀಲ್ಡ್ ರಸ್ತೆಯ ಕಡೆ ಹೆಚ್ಚಾಗಿ ಕ್ಯಾಥೊಲಿಕರು. ದಶಕಗಳ ಕಾಲ ಈ ಎರಡು ಸಮುದಾಯಗಳ ನಡುವೆ ಹಿಂಸಾಚಾರ ನಡೆದಿತ್ತು. ಹಾಗಾಗಿ ನಡುವೆ ಎತ್ತರದ ಗೋಡೆ, ಗೋಡೆಯಲ್ಲೊಂದು ಗೇಟು. ರಾತ್ರಿಯಾದರೆ ಗೇಟಿಗೆ ಬೀಗ. ಹಾಗಾಗಿ ಎರಡೂ ಕಡೆಯ ಮಕ್ಕಳನ್ನ ಸಂಜೆ ಒಂದೆಡೆ ಸೇರಿಸುವ ಯೋಜನೆಯಲ್ಲಿ ಮೊದಲು ಬರೆಯಬೇಕಾದ ಖರ್ಚು ಮಿನಿಬಸ್ಸಿನದು. ಅದನ್ನ ಮರೆತರೆ ಮನೆ ಸೇರೋದು ಹೇಗೆ ಅನ್ನೋ ಚಿಂತೆಯಲ್ಲೇ ಅರ್ಧ ಮಕ್ಕಳು ಬರೋದಿಲ್ಲ.

[ಪರದೆಯ ಮೇಲೆ: 1986 – 1995 – 1998 – 2021]

ಈ ಕೆಲಸಕ್ಕೆ ಹಣ ಬರೋದು ಎಲ್ಲಿಂದ? 1986ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಸರ್ಕಾರಗಳು ಸೇರಿ ಇಂಟರ್‌ನ್ಯಾಷನಲ್ ಫಂಡ್ ಫಾರ್ ಐರ್ಲೆಂಡ್ ಶುರುಮಾಡಿದವು. 1994ರಲ್ಲಿ ಎರಡೂ ಕಡೆಯ ಸಶಸ್ತ್ರ ಗುಂಪುಗಳು ಕದನವಿರಾಮ ಘೋಷಿಸಿದ ನಂತರ, 1995ರಲ್ಲಿ, ಯುರೋಪಿಯನ್ ಒಕ್ಕೂಟದ 'ಪೀಸ್' ಕಾರ್ಯಕ್ರಮ ಬಂತು. ಈಗಿನದು ಪೀಸ್‌ಪ್ಲಸ್, 2021–27ರ ಅವಧಿಗೆ, 100 ಕೋಟಿ ಯೂರೋಗೂ ಹೆಚ್ಚು.

ನಮ್ಮ ಪ್ರಕಾರ ಮೊತ್ತಕ್ಕಿಂತ ದೊಡ್ಡ ವಿಷಯ ಬೇರೆಯಿದೆ: ಹಣ ಹಂಚೋರು ಯಾರು? 'ಪೀಸ್' ಕಾರ್ಯಕ್ರಮದ ಮೊದಲ ಸುತ್ತಿನಲ್ಲಿ 26 ಜಿಲ್ಲಾ ಪಾಲುದಾರಿಕೆ ಮಂಡಳಿಗಳನ್ನ ಕಟ್ಟಿದರು. ಮೂರನೇ ಒಂದು ಭಾಗ ಚುನಾಯಿತ ಸದಸ್ಯರು, ಇನ್ನೊಂದು ಭಾಗ ಸ್ಥಳೀಯ ಸಂಘ-ಸಂಸ್ಥೆಗಳು, ಉಳಿದ ಭಾಗ ಉದ್ಯಮಿಗಳು, ಕಾರ್ಮಿಕ ಸಂಘಗಳಂಥವರು. ಎರಡೂ ಕಡೆಯವರು ಅಧಿಕಾರ ಹಂಚಿಕೊಳ್ಳೋಕೆ ಒಪ್ಪಿದ 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದ ಇನ್ನೂ ಆಗಿರಲಿಲ್ಲ. ಆಗಲೇ ಎದುರಾಳಿ ಪಕ್ಷದವರು ಒಂದೇ ಮೇಜಿನ ಸುತ್ತ ಕೂತು, ಯಾವ ಯುವಕ ಸಂಘಕ್ಕೆ ಎಷ್ಟು ಅಂತ ಲೆಕ್ಕ ಹಾಕ್ತಿದ್ದರು. ಹಣ ಕೈಸೇರುವ ಮುಂಚೆಯೇ ಅರ್ಧ ಕೆಲಸ ಅಲ್ಲಿ ಆಗ್ತಿತ್ತು!

[ದೃಶ್ಯ: ಬಿಳಿ ಹಾಳೆ, ಕೈಬರಹದ ಬಜೆಟ್]

ಈಗ ಒಂದು ಲೆಕ್ಕ. ಇದು ಬರೀ ಉದಾಹರಣೆ: ಎರಡೂ ಕಡೆಯಿಂದ ಹತ್ತತ್ತು ಹುಡುಗ-ಹುಡುಗಿಯರು, 30 ವಾರ, ವಾರಕ್ಕೊಂದು ಸಂಜೆ. ಕಾರ್ಯಕರ್ತರು ಇಬ್ಬರು, ಕಡೆಗೊಬ್ಬರು. ಒಬ್ಬರೇ ಸಾಕು ಅಂತ ಉಳಿತಾಯಕ್ಕೆ ಹೋದರೆ ಇನ್ನೊಂದು ಕಡೆಯ ತಂದೆತಾಯಿ ಮಕ್ಕಳನ್ನ ಕಳಿಸೋದಿಲ್ಲ.

ಮೊದಲ ಆರೇಳು ವಾರ ಎರಡು ಗುಂಪೂ ಬೇರೆಬೇರೆಯಾಗಿಯೇ ಸೇರಲಿ. ತಮ್ಮವರ ನಡುವೆಯೇ ಮನಸ್ಸು ಬಿಚ್ಚದವರು ಎದುರಿನವರ ಮುಂದೆ ಬಾಯಿ ಬಿಡೋದಿಲ್ಲ. ಅರ್ಜಿಯಲ್ಲಿ ಈ ಹಂತಕ್ಕೆ ಕಾರಣ ಸಮೇತ ಹಣ ಕೇಳಿ, ಇಲ್ಲದಿದ್ದರೆ ಪರಿಶೀಲಕರು ಅದನ್ನೇ ಮೊದಲು ಹೊಡೆದುಹಾಕ್ತಾರೆ. ಶಾಲೆ ಬಿಟ್ಟ ತಕ್ಷಣ ಸೇರಿಸಬೇಡಿ. ಅಲ್ಲಿ ಬಹುಪಾಲು ಮಕ್ಕಳ ಶಾಲೆಗಳೇ ಬೇರೆ, ಯೂನಿಫಾರ್ಮ್ ನೋಡಿದರೆ ಯಾವ ಕಡೆಯವರು ಅಂತ ಗೊತ್ತಾಗುತ್ತೆ. ಫುಟ್‌ಬಾಲ್ ತಂಡಗಳ ಅಂಗಿಗಳ ಕಥೆಯೂ ಅಷ್ಟೇ: ಸೆಲ್ಟಿಕ್ ಅಂದರೆ ಹೆಚ್ಚಾಗಿ ಕ್ಯಾಥೊಲಿಕರು, ರೇಂಜರ್ಸ್ ಅಂದರೆ ಹೆಚ್ಚಾಗಿ ಪ್ರೊಟೆಸ್ಟೆಂಟರು. ಜುಲೈ 12ರಂದು ಪ್ರೊಟೆಸ್ಟೆಂಟರ ದೊಡ್ಡ ಮೆರವಣಿಗೆ ಇರುತ್ತೆ, ಆಗ ಉದ್ವಿಗ್ನತೆ ಹೆಚ್ಚು. ಅದರ ಆಸುಪಾಸಿನ ವಾರಗಳನ್ನ ಖಾಲಿ ಬಿಡಿ.

[ಪರದೆಯ ಮೇಲೆ: ಮಂಜೂರಾಯ್ತು. ಆದರೆ ಹಣ?]

ಸಣ್ಣ ಸಂಘಗಳು ಮುಗ್ಗರಿಸೋದು ಇಲ್ಲೇ. ಇಂಥ ಅನುದಾನದಲ್ಲಿ ಸಾಮಾನ್ಯವಾಗಿ ಮೊದಲು ನೀವು ಖರ್ಚು ಮಾಡ್ತೀರಿ, ಆಮೇಲೆ ಬಿಲ್ ಕೊಟ್ಟು ವಾಪಸ್ ಪಡೀತೀರಿ. ತಿಂಗಳಿಗೆ 3,000 ಪೌಂಡ್ ಖರ್ಚು, ಮೂರು ತಿಂಗಳಿಗೊಮ್ಮೆ ಕ್ಲೇಮು, ಪರಿಶೀಲನೆಗೆ ಇನ್ನೆರಡು ತಿಂಗಳು ಅಂದುಕೊಳ್ಳಿ. 15,000 ಪೌಂಡ್ ನಿಮ್ಮ ಕೈಯಿಂದ ಹೋಗಿರುತ್ತೆ. ಒಂದು ಹಾಜರಿ ಹಾಳೆಗೆ ಸಹಿ ಇಲ್ಲ ಅಂದರೆ ಇನ್ನೂ ತಡ. ಹಣ ಮಂಜೂರಾಗಿದ್ದೂ ಕಾರ್ಯಕರ್ತರಿಗೆ ಸಂಬಳ ಕೊಡೋಕಾಗದೆ ಬಾಗಿಲು ಮುಚ್ಚೋ ಪರಿಸ್ಥಿತಿ ನಿಜಕ್ಕೂ ನೋವಿನದು. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕೋ ಮುಂಚೆಯೇ ಮುಂಗಡ ಕೇಳಿ. ಸಿಗದಿದ್ದರೆ ನಗರಸಭೆಯಂಥ ದೊಡ್ಡ ಸಂಸ್ಥೆಯನ್ನ ಮುಂದಿಟ್ಟು ನೀವು ಪಾಲುದಾರರಾಗಿ.

ಇನ್ನು ಲೆಕ್ಕ ಒಪ್ಪಿಸೋದು. 20 ಮಕ್ಕಳು 30 ಸಲ ಬಂದರೂ 600 ಹಾಜರಿ, 600 ಮಕ್ಕಳು ಒಂದೇ ದಿನದ ಮೇಳಕ್ಕೆ ಬಂದು ಹೋದರೂ 600 ಹಾಜರಿ. ಕಾಗದದ ಮೇಲೆ ಎರಡೂ ಒಂದೇ. ಅದಕ್ಕೇ ತಲೆಗಳ ಬದಲು, ಒಬ್ಬೊಬ್ಬರು ಎಷ್ಟು ಗಂಟೆ ಜೊತೆಯಲ್ಲಿ ಕಳೆದರು ಅಂತ ಬರೆದಿಡಿ.

[ದೃಶ್ಯ: ಕ್ಯಾಲೆಂಡರಿನ ಕೊನೆಯ ಪುಟ]

ಕೊನೆಯ ಮೂರು ತಿಂಗಳಿಗೆ ಒಬ್ಬ ಲೆಕ್ಕಿಗರ ಸಂಬಳವನ್ನ ಬಜೆಟ್ಟಿನಲ್ಲಿ ಈಗಲೇ ಸೇರಿಸಿ. ಯೋಜನೆ ಮುಗಿದು ಕಾರ್ಯಕರ್ತರು ಬೇರೆ ಕೆಲಸ ಹುಡುಕಿಕೊಂಡು ಹೋದ ಮೇಲೂ ಕೊನೆಯ ಕ್ಲೇಮು ಬಾಕಿ ಇರುತ್ತೆ. ಬಿಲ್ಲಿನ ಕಟ್ಟು ಎಲ್ಲಿದೆ ಅಂತ ಗೊತ್ತಿರೋರು ಯಾರಾದರೂ ಒಬ್ಬರು ಆ ಕಚೇರಿಯಲ್ಲಿ ಇರಬೇಕು.