ಎರಡು ಪದಗಳ ನಡುವಿನ ಬೆಣೆ

ಮಾನ್ಯ ಅಧ್ಯಕ್ಷರೆ, ಹಳೆಯ ಅಚ್ಚುಯಂತ್ರಗಳನ್ನು ಮತ್ತೆ ದುಡಿಸಬೇಕೆಂಬ ಹಟ ತೊಟ್ಟು ಇಲ್ಲಿ ಸೇರಿರುವ ಗೆಳೆಯರೆ,

ಲೈನೋಟೈಪ್ ಯಂತ್ರ ಎಂದರೇನು, ಅದು ಸೀಸವನ್ನು ಕರಗಿಸಿ ಒಂದಿಡೀ ಸಾಲನ್ನು ಹೇಗೆ ಎರಕ ಹೊಯ್ಯುತ್ತದೆ ಎಂಬುದನ್ನು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ನಿಮ್ಮಲ್ಲಿ ಹಲವರು ಅದರ ಮುಂದೆ ಕುಳಿತು ದುಡಿದವರು. ಆದ್ದರಿಂದ ಪೀಠಿಕೆಯನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ಮೂಲೆಗುಂಪಾಗಿದ್ದ ಯಂತ್ರವೊಂದನ್ನು ದುರಸ್ತಿಗೆ ಎತ್ತಿಕೊಂಡವರು ಮೊದಲು ಮೋಟಾರನ್ನು ನೋಡುತ್ತಾರೆ, ಆಮೇಲೆ ಕೀಲಿಮಣೆಯನ್ನು, ಅದಾದ ಮೇಲೆ ಸೀಸದ ಪಾತ್ರೆಯನ್ನು ನೋಡುತ್ತಾರೆ. ಪದಗಳ ನಡುವೆ ಅಂತರ ಕೊಡುವ ಸ್ಪೇಸ್‌ಬ್ಯಾಂಡುಗಳ ಸರದಿ ಬರುವುದು ಎಲ್ಲ ಮುಗಿದ ಮೇಲೆ, ಬಂದರೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ದೃಢವಾದ ನಂಬಿಕೆ. ಅದನ್ನು ನಿಮಗೆ ಮನದಟ್ಟು ಮಾಡಿಸಬೇಕೆಂದೇ ಈ ವೇದಿಕೆಯನ್ನು ಕೇಳಿ ಪಡೆದಿದ್ದೇನೆ.

ಅಚ್ಚುಮೊಳೆಗಳ ಕೆಲಸದಲ್ಲಿ ಖಾಲಿ ಜಾಗವೂ ಲೋಹವೇ. ಕಾಗದದ ಮೇಲೆ ಏನೂ ಕಾಣದ ಕಡೆಯಲ್ಲಿ ಅಚ್ಚಿನ ಚೌಕಟ್ಟಿನೊಳಗೆ ಒಂದು ಗಟ್ಟಿ ವಸ್ತು ಕುಳಿತಿರಲೇಬೇಕು, ಇಲ್ಲವಾದರೆ ಅಕ್ಷರಗಳು ನಿಲ್ಲುವುದಿಲ್ಲ. ಕೈಯಿಂದ ಮೊಳೆ ಜೋಡಿಸುತ್ತಿದ್ದ ಕಂಪಾಸಿಟರ್ ಸಾಲಿನ ಕೊನೆಗೆ ಬಂದಾಗ ಏನು ಮಾಡುತ್ತಿದ್ದನೆಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಮೊಳೆಯ ಗಾತ್ರದಷ್ಟೇ ಅಗಲವಾದ ಎಮ್ ಎಂಬ ಅಳತೆಯ ಮೂರನೆಯ ಒಂದು ಭಾಗ, ನಾಲ್ಕನೆಯ ಒಂದು ಭಾಗ, ಐದನೆಯ ಒಂದು ಭಾಗ ಹೀಗೆ ಬೇರೆ ಬೇರೆ ದಪ್ಪದ ಸ್ಪೇಸುಗಳು ಅವನ ಬಳಿ ಇರುತ್ತಿದ್ದವು. ಸಾಲುಗಳೆಲ್ಲ ಒಂದೇ ಅಗಲಕ್ಕೆ ಬರಬೇಕು; ಸಾಲು ತುಂಬದಿದ್ದರೆ ಪದಗಳ ನಡುವಿನ ತೆಳುವಾದದ್ದನ್ನು ತೆಗೆದು ದಪ್ಪನೆಯದನ್ನು ಹಾಕಬೇಕು, ಹೆಚ್ಚಾದರೆ ದಪ್ಪನೆಯದನ್ನು ತೆಗೆದು ತೆಳುವಾದದ್ದನ್ನು ಹಾಕಬೇಕು. ಎಷ್ಟು ಬಿಗಿಯಾದರೆ ಸಾಕು ಎಂದು ತೀರ್ಮಾನಿಸುತ್ತಿದ್ದದ್ದು ಅವನ ಹೆಬ್ಬೆರಳು. ಅಕ್ಷರವನ್ನು ಎತ್ತಿ ತರುವುದಕ್ಕೆ ಬೇಕಾದದ್ದು ನೆನಪು ಮತ್ತು ವೇಗ. ಅಂತರವನ್ನು ಸಮನಾಗಿ ಹಂಚುವುದಕ್ಕೆ ಬೇಕಾದದ್ದು ವಿವೇಚನೆ. ಯಂತ್ರಕ್ಕೆ ಮೊದಲನೆಯದನ್ನು ಕಲಿಸುವುದು ಸುಲಭ, ಎರಡನೆಯದು ಕಷ್ಟ.

ಇದು ನನ್ನ ಊಹೆಯಲ್ಲ, ಇತಿಹಾಸವೇ ಹೇಳುವ ಮಾತು. ಯಂಗ್ ಮತ್ತು ಡೆಲ್ಕಾಂಬ್ರ ಎಂಬಿಬ್ಬರು 1840ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಪಿಯಾನೋದಂತಹ ಕೀಲಿಮಣೆ ಇತ್ತು; ಕೀಲಿ ಒತ್ತಿದರೆ ಮೊಳೆ ಜಾರಿ ಬಂದು ಸಾಲಿಗೆ ಸೇರುತ್ತಿತ್ತು. ಆದರೆ ಹಾಗೆ ಬಂದ ಉದ್ದನೆಯ ಸಾಲನ್ನು ತುಂಡರಿಸಿ, ಅಂತರ ಸರಿಪಡಿಸಿ, ಅಳತೆಗೆ ತರಲು ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ ಕೂರಲೇಬೇಕಾಗಿತ್ತು. ಕೀಲಿ ಒತ್ತಿದರೆ ಅಕ್ಷರ ಬರುವ ಚಮತ್ಕಾರ ಸಾಧಿಸಿದ ಮೇಲೂ ಹಲವು ದಶಕಗಳ ಕಾಲ ಮೊಳೆ ಜೋಡಣೆ ನಿಜವಾದ ಅರ್ಥದಲ್ಲಿ ಯಾಂತ್ರಿಕವಾಗಲಿಲ್ಲ.

ಇಲ್ಲಿ ಅಮೆರಿಕದ ಲೇಖಕ ಮಾರ್ಕ್ ಟ್ವೈನ್ ಪ್ರಸಂಗವನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಆತ ಹುಡುಗನಾಗಿದ್ದಾಗ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವನು, ಆ ಕೆಲಸದ ಬೇಸರವನ್ನು ಬಲ್ಲವನು. ಜೇಮ್ಸ್ ಪೇಜ್ ಎಂಬಾತ ಕಟ್ಟುತ್ತಿದ್ದ ಯಂತ್ರಕ್ಕೆ 1880ರಿಂದಲೇ ಹಣ ಸುರಿಯತೊಡಗಿದ. ಮನುಷ್ಯನ ಕೈಗಳು ಮಾಡುವುದೆಲ್ಲವನ್ನೂ ಮೊಳೆಗಳೊಂದಿಗೇ ಮಾಡಿ ತೋರಿಸಬೇಕೆಂಬುದು ಪೇಜನ ಛಲ. ಮೊಳೆಯನ್ನು ಆರಿಸಬೇಕು, ಜೋಡಿಸಬೇಕು, ಸಾಲನ್ನು ಅಳೆಯಬೇಕು, ತಕ್ಕ ದಪ್ಪದ ಸ್ಪೇಸುಗಳನ್ನು ನಡುನಡುವೆ ಕೂರಿಸಬೇಕು, ಮುದ್ರಣವಾದ ಮೇಲೆ ಮೊಳೆಗಳನ್ನು ಅವುಗಳ ಮನೆಗೆ ಮರಳಿಸಬೇಕು. 1889ರ ಜನವರಿ 5ರಂದು, ಶನಿವಾರ ಮಧ್ಯಾಹ್ನ 12 ಗಂಟೆ 20 ನಿಮಿಷಕ್ಕೆ, ಬಿಡಿಮೊಳೆಗಳ ಒಂದು ಸಾಲು ಯಂತ್ರದಿಂದಲೇ ಅಂತರ ಪಡೆದು ಅಳತೆಗೆ ಕೂತದ್ದನ್ನು ಟ್ವೈನ್ ಕಣ್ಣಾರೆ ಕಂಡ. ಕಂಡವನೇ ಅಣ್ಣ ಓರಿಯನ್‌ಗೆ ಕಾಗದ ಬರೆದು, ಜಗತ್ತಿನ ಚರಿತ್ರೆಯಲ್ಲಿ ಇಂಥದ್ದು ಇದೇ ಮೊದಲು ಎಂದು ಸಂಭ್ರಮಿಸಿದ. ಆ ದೊಡ್ಡ ಲೇಖಕ ನಿಮಿಷವನ್ನೂ ಬಿಡದೆ ಗುರುತು ಹಾಕಿಕೊಂಡದ್ದು ಯಾವ ಘಟನೆಯನ್ನು ಎಂಬುದನ್ನು ಗಮನಿಸಿ. ಮೊಳೆ ಬಿದ್ದ ಗಳಿಗೆಯನ್ನಲ್ಲ, ಅಂತರ ಸರಿಹೋದ ಗಳಿಗೆಯನ್ನು. ಮೊಳೆ ಜೋಡಿಸಿ ಬಲ್ಲವನಿಗಷ್ಟೇ ಆ ಗಳಿಗೆಯ ಬೆಲೆ ಗೊತ್ತಿರುತ್ತದೆ.

ಆ ಯಂತ್ರ ಮಾರುಕಟ್ಟೆಗೆ ಬರಲಿಲ್ಲ. ಸುಮಾರು 18,000 ಬಿಡಿಭಾಗಗಳಿದ್ದ ಅದು ಒಳ್ಳೆಯ ದಿನಗಳಲ್ಲಿ ಅದ್ಭುತವಾಗಿ ಓಡುತ್ತಿತ್ತು, ಉಳಿದ ದಿನಗಳಲ್ಲಿ ಬಿಚ್ಚಿ ಹರವಿಕೊಂಡಿರುತ್ತಿತ್ತು. ಒಂದು ತೊಡಕು ಕಂಡರೆ ಪೇಜ್ ಇನ್ನೊಂದು ಭಾಗವನ್ನು ಸೇರಿಸುತ್ತಿದ್ದ. 1894ರಲ್ಲಿ ಷಿಕಾಗೋದ ಪತ್ರಿಕೆಯೊಂದರ ಕಚೇರಿಯಲ್ಲಿ ನಡೆದ ಪರೀಕ್ಷೆಯ ಹೊತ್ತಿಗೆ ಕಾಲ ಮಿಂಚಿತ್ತು. ಅದೇ ವರ್ಷ ಟ್ವೈನ್ ದಿವಾಳಿಯಾಗಿದ್ದ. ಉಳಿದಿರುವ ಯಂತ್ರವೊಂದನ್ನು ಹಾರ್ಟ್‌ಫರ್ಡಿನಲ್ಲಿ, ಅವನ ಮನೆಯೇ ಆಗಿದ್ದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಪಾಡಿದ್ದಾರೆ.

ಇತ್ತ ಬಾಲ್ಟಿಮೋರಿನಲ್ಲಿ ಒಟ್ಮಾರ್ ಮರ್ಗೆಂಥಾಲರ್ ಇದೇ ಸಮಸ್ಯೆಯನ್ನು ಬೇರೆ ತುದಿಯಿಂದ ಹಿಡಿದಿದ್ದ. ಜರ್ಮನಿಯಲ್ಲಿ ಗಡಿಯಾರದ ಕೆಲಸ ಕಲಿತು 1872ರಲ್ಲಿ ಅಮೆರಿಕಕ್ಕೆ ಬಂದವನು ಆತ. ಮೊಳೆಗಳನ್ನೇ ಕೈಬಿಟ್ಟು, ಅಕ್ಷರದ ಅಚ್ಚು ಕೊರೆದ ಹಿತ್ತಾಳೆಯ ತುಣುಕುಗಳಾದ ಮ್ಯಾಟ್ರಿಕ್ಸುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಎದುರು ಸೀಸ ಹೊಯ್ದರೆ ಸಾಲು ಒಂದೇ ತುಂಡಾಗಿ ಬರುತ್ತದೆ. ಹಾಗಾದಾಗ ಅಂತರ ಕೊಡುವ ವಸ್ತು ಸಾಲಿನೊಳಗೇ ಉಳಿಯಬೇಕಾಗಿಲ್ಲ, ಎರಕದ ಕ್ಷಣದಲ್ಲಿ ಮಾತ್ರ ಇದ್ದರೆ ಸಾಕು. 1886ರ ಜುಲೈ 3ರಂದು ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಆ ಯಂತ್ರ ಕೆಲಸ ಆರಂಭಿಸಿತು. ಟ್ವೈನ್ ತನ್ನ ಸಂಭ್ರಮದ ಕಾಗದ ಬರೆಯುವ ಹೊತ್ತಿಗೆ ಲೈನೋಟೈಪಿನ ಸಾಲುಗಳು ಎರಡೂವರೆ ವರ್ಷಗಳಿಂದ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು.

ಅಂತರ ಕೊಡಲು ಮರ್ಗೆಂಥಾಲರ್ ಆರಿಸಿಕೊಂಡದ್ದು ಬೆಣೆಯನ್ನು. ಕೊಡಲಿಯ ಕಾವು ಸಡಿಲವಾದಾಗ ಬೆಣೆ ಹೊಡೆದು ಬಿಗಿ ಮಾಡುವಂತೆ, ಪದಗಳ ನಡುವೆ ಉಕ್ಕಿನ ಬೆಣೆಗಳನ್ನು ಇಳಿಬಿಟ್ಟು ಎಲ್ಲವನ್ನೂ ಕೆಳಗಿನಿಂದ ಒಟ್ಟಿಗೆ ಮೇಲಕ್ಕೆ ತಳ್ಳಿದರೆ ಸಾಲು ತಾನಾಗಿ ಅಗಲವಾಗಿ ಅಳತೆಯನ್ನು ತುಂಬುತ್ತದೆ. ಯಾವ ಎರಡು ಪದಗಳ ನಡುವೆ ಎಷ್ಟು ಎಂದು ಲೆಕ್ಕ ಹಾಕುವ ಅಗತ್ಯವೇ ಇಲ್ಲ. ಎಲ್ಲ ಬೆಣೆಗಳೂ ಒಂದೇ ಎತ್ತರಕ್ಕೆ ಏರುವುದರಿಂದ ಅಂತರಗಳೆಲ್ಲ ಸಮ. ಪೇಜನ ಯಂತ್ರ ಅಳೆದು, ಎಣಿಸಿ, ಆರಿಸಿ ಮಾಡುತ್ತಿದ್ದುದನ್ನು ಇಲ್ಲಿ ಒಂದು ಇಳಿಜಾರು ಮಾಡುತ್ತದೆ. ಆದರೆ ಒಂಟಿ ಬೆಣೆಗೆ ಒಂದು ದೋಷವಿದೆ. ಅದರ ಎರಡು ಮುಖಗಳು ಸಮಾಂತರವಲ್ಲ, ಮ್ಯಾಟ್ರಿಕ್ಸಿನ ಮುಖಗಳೋ ಸಮಾಂತರ. ಓರೆಯಾದ ವಸ್ತು ನೇರವಾದ ವಸ್ತುಗಳ ನಡುವೆ ನುಗ್ಗಿದರೆ ಒಂದು ಅಂಚಿನಲ್ಲಿ ಬಿಗಿ, ಇನ್ನೊಂದು ಅಂಚಿನಲ್ಲಿ ಸಡಿಲ.

ಇದಕ್ಕೆ ಪರಿಹಾರ ಜೋಡಿ ಬೆಣೆ, ಅದೇ ಸ್ಪೇಸ್‌ಬ್ಯಾಂಡು: ಉದ್ದನೆಯ ಬೆಣೆಯೊಂದರ ಮೇಲೆ, ಅಷ್ಟೇ ಓರೆಯುಳ್ಳ ಗಿಡ್ಡ ಸ್ಲೀವೊಂದು, ಅಂದರೆ ತೋಳಿನಂತಹ ತುಂಡೊಂದು, ತಲೆಕೆಳಗಾಗಿ ಜಾರುತ್ತದೆ. ಒಂದರ ಓರೆಯನ್ನು ಇನ್ನೊಂದು ಕಳೆಯುವುದರಿಂದ ಹೊರಗಿನ ಎರಡು ಮುಖಗಳು ಯಾವ ಎತ್ತರದಲ್ಲೂ ಸಮಾಂತರವಾಗಿಯೇ ಇರುತ್ತವೆ, ದಪ್ಪ ಮಾತ್ರ ಬದಲಾಗುತ್ತದೆ. ಮರ್ಗೆಂಥಾಲರ್ ಇದನ್ನು ಸ್ವತಂತ್ರವಾಗಿಯೇ ಕಂಡುಕೊಂಡಿದ್ದ. ಆದರೆ ಜೇಕಬ್ ಷುಕರ್ಸ್ ಎಂಬಾತ ಅವನಿಗಿಂತ ಮುಂದಿದ್ದ, ಪೇಟೆಂಟಿನ ತೀರ್ಪು ಷುಕರ್ಸನ ಕಡೆಗೇ ಆಯಿತು. ಆ ಹಕ್ಕು ಟೈಪೋಗ್ರಾಫ್ ಎಂಬ ಪ್ರತಿಸ್ಪರ್ಧಿ ಯಂತ್ರ ಕಟ್ಟಿದ್ದ ಜಾನ್ ರಾಜರ್ಸನ ಕಂಪನಿಯ ಕೈಸೇರಿತು. ಕೊನೆಗೆ 1895ರಲ್ಲಿ ಲೈನೋಟೈಪ್ ಕಂಪನಿ ರಾಜರ್ಸನ ಕಂಪನಿಯನ್ನೇ ಕೊಂಡುಕೊಂಡಿತು. ರಾಜರ್ಸ್ ಕೂಡ ಲೈನೋಟೈಪಿಗೇ ಎಂಜಿನಿಯರಾಗಿ ಬಂದ. ಬೆರಳಿನಷ್ಟು ಉದ್ದದ ಒಂದು ಬಿಡಿಭಾಗದ ಹಕ್ಕಿಗಾಗಿ ಒಂದು ಕಂಪನಿ ಇನ್ನೊಂದು ಕಂಪನಿಯನ್ನು ಕೊಂಡಿತು ಎಂದಮೇಲೆ, ಯಂತ್ರದ ಜೀವ ಎಲ್ಲಿದೆ ಎಂಬುದು ಅಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಮರೆತಿರುವವರು ನಾವು.

ಈಗ ಮೇಜಿನ ಮೇಲಿಟ್ಟಿರುವ ಈ ಸ್ಪೇಸ್‌ಬ್ಯಾಂಡನ್ನು ದಯವಿಟ್ಟು ಹತ್ತಿರದಿಂದ ನೋಡಿ. ಸ್ಲೀವನ್ನು ಬೆರಳಿನಲ್ಲಿ ಹಿಡಿದು ಬೆಣೆಯನ್ನು ಮೇಲಕ್ಕೆ ತಳ್ಳಿದರೆ ಅದು ತನ್ನ ತೋಡಿನಲ್ಲಿ ಸದ್ದಿಲ್ಲದೆ ಜಾರಬೇಕು, ಎಲ್ಲಿಯೂ ಹಿಡಿಯಬಾರದು, ಅಲುಗಾಡಲೂಬಾರದು. ಬೆಳಕಿಗೆ ಓರೆ ಮಾಡಿ ಹಿಡಿದರೆ, ಎರಕದ ಬಾಯಿಗೆ ಎದುರಾಗುವ ಜಾಗದಲ್ಲಿ ಒಂದು ಮಂಕಾದ ಚುಕ್ಕೆ ಕಾಣುತ್ತದೆ. ಅದು ಅಂಟಿಕೊಂಡಿರುವ ಸೀಸ. ಸುಮಾರು 285 ಡಿಗ್ರಿ ಸೆಲ್ಸಿಯಸ್ ಬಿಸಿಯ, ಸೀಸ, ಆಂಟಿಮನಿ, ತವರ ಸೇರಿದ ಲೋಹ ಪ್ರತಿ ಸಾಲಿಗೂ ಇಲ್ಲಿ ಬಂದು ತಾಕುತ್ತದೆ. ಮುಖ ಒಣಗಿದ್ದು ನುಣುಪಾಗಿದ್ದರೆ ಅದು ಅಂಟುವುದಿಲ್ಲ. ಗೀರು ಬಿದ್ದಿದ್ದರೆ ಅಥವಾ ಕೊಳೆ ಕೂತಿದ್ದರೆ ಒಂದು ಕಣ ಉಳಿದುಬಿಡುತ್ತದೆ. ಮುಂದಿನ ಸಾಲಿನಲ್ಲಿ ಬೆಣೆಗಳು ಏರಿ ಬಿಗಿಯಾದಾಗ ಆ ಕಣ ಪಕ್ಕದ ಮ್ಯಾಟ್ರಿಕ್ಸಿನ ತೆಳುವಾದ ಹಿತ್ತಾಳೆಯ ಗೋಡೆಯನ್ನು ಒತ್ತುತ್ತದೆ. ಗೋಡೆ ಒಳಕ್ಕೆ ಬಾಗುತ್ತದೆ. ಅಲ್ಲಿಂದ ಮುಂದೆ ಆ ಅಕ್ಷರ ಬಂದಲ್ಲೆಲ್ಲ ಸಂದಿನೊಳಗೆ ಸೀಸ ನುಗ್ಗಿ, ಅಕ್ಷರಗಳ ನಡುವೆ ಕೂದಲೆಳೆಯಂತಹ ಗೆರೆ ಅಚ್ಚಾಗುತ್ತದೆ. ಆಗ ಎಲ್ಲರೂ ಮ್ಯಾಟ್ರಿಕ್ಸ್ ಹಳತಾಯಿತು ಎನ್ನುತ್ತಾರೆ, ಹೊಸ ಮ್ಯಾಟ್ರಿಕ್ಸಿಗಾಗಿ ಊರೂರು ಅಲೆಯುತ್ತಾರೆ, ಸಿಕ್ಕಿದ ಹೊಸದನ್ನೂ ಅದೇ ಕೊಳಕು ಬ್ಯಾಂಡುಗಳ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಇದನ್ನು ಕಂಡಾಗಲೆಲ್ಲ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಕೆಟ್ಟ ಬ್ಯಾಂಡನ್ನು ಸರಿಪಡಿಸಬಹುದು, ಬಾಗಿದ ಹಿತ್ತಾಳೆಯ ಗೋಡೆಯನ್ನು ಸರಿಪಡಿಸಲಾಗದು.

ಹಿಂದಿನ ಕೆಲಸಗಾರರು ಪಾಳಿಗೊಮ್ಮೆ ಬ್ಯಾಂಡುಗಳನ್ನು ಪೆಟ್ಟಿಗೆಯಿಂದ ತೆಗೆದು, ಮೃದುವಾದ ಮರದ ಹಲಗೆಯ ಮೇಲೆ ಒಣ ಗ್ರಾಫೈಟ್ ಪುಡಿ ಹರಡಿ, ಎರಡೂ ಮುಖಗಳನ್ನು ಉಜ್ಜಿ ಹೊಳಪು ಬರಿಸುತ್ತಿದ್ದರು. ಆ ಪದ್ಧತಿಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ಎಣ್ಣೆ ಮಾತ್ರ ಬೇಡವೇ ಬೇಡ. ಅದು ಧೂಳನ್ನು ಹಿಡಿದಿಟ್ಟುಕೊಂಡು ಮ್ಯಾಟ್ರಿಕ್ಸುಗಳಿಗೂ ಹಬ್ಬಿಸುತ್ತದೆ. ಉಪ್ಪುಕಾಗದವೂ ಬೇಡ. ಅದರಿಂದ ಉಜ್ಜಿದ ಬ್ಯಾಂಡು ಕಣ್ಣಿಗೆ ಹೊಸದರಂತೆ ಕಾಣುತ್ತದೆ, ಆದರೆ ಚೂಪಾಗಿರಬೇಕಾದ ಅಂಚು ದುಂಡಗಾಗಿರುತ್ತದೆ, ಆ ದುಂಡಗಾದ ಅಂಚಿನಲ್ಲೇ ಸೀಸಕ್ಕೆ ದಾರಿ ಸಿಗುತ್ತದೆ.

ಹೊಸ ಬ್ಯಾಂಡುಗಳನ್ನು ಮಾಡಿಸುವ ವಿಚಾರಕ್ಕೆ ಬರುತ್ತೇನೆ. ಈ ಸಭೆಯಲ್ಲಿ ಯಂತ್ರಶಾಸ್ತ್ರ ಓದಿದ ತರುಣರಿದ್ದಾರೆ. ಇಂದಿನ ಕತ್ತರಿಸುವ ಯಂತ್ರಗಳಿಂದ, ಇಂದಿನ ಉಕ್ಕಿನಿಂದ ಇದಕ್ಕಿಂತ ಉತ್ತಮವಾದ ವಿನ್ಯಾಸ ಮಾಡಬಾರದೇ ಎಂದು ಅವರಿಗೆ ಅನ್ನಿಸುವುದು ಸಹಜ. ನನ್ನ ವಿನಂತಿ ಇಷ್ಟೇ: ವಿನ್ಯಾಸವನ್ನು ಮುಟ್ಟಬೇಡಿ, ನಿಖರತೆಯನ್ನು ಹೆಚ್ಚಿಸಿ. ಬೆಣೆಯ ಓರೆಗೂ ಸ್ಲೀವಿನ ಓರೆಗೂ ಎಳ್ಳಷ್ಟು ವ್ಯತ್ಯಾಸವಿದ್ದರೂ ಹೊರಮುಖಗಳು ಸಮಾಂತರವಾಗಿ ಉಳಿಯುವುದಿಲ್ಲ, ಜೋಡಿ ಬೆಣೆ ಇದ್ದೂ ಒಂಟಿ ಬೆಣೆಯ ದೋಷವೇ ಮರಳುತ್ತದೆ. ಆದ್ದರಿಂದ ಎರಡನ್ನೂ ಕೂಡಿಸಿದ ಸ್ಥಿತಿಯಲ್ಲಿ, ಬೆಣೆ ಕೆಳಗಿರುವಾಗ ಒಮ್ಮೆ, ನಡುವೆ ಒಮ್ಮೆ, ಪೂರ್ತಿ ಮೇಲಿರುವಾಗ ಒಮ್ಮೆ ಮೈಕ್ರೊಮೀಟರಿನಿಂದ ಅಳೆಯಬೇಕು. ಆ ಮೂರೂ ಕಡೆ ಸ್ಲೀವಿನ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ದಪ್ಪ ಒಂದೇ ಇದ್ದರೆ ಮಾತ್ರ ಅದನ್ನು ಒಪ್ಪಿಕೊಳ್ಳಬೇಕು. ಬೇರೆ ಬೇರೆ ದಪ್ಪದ ಬ್ಯಾಂಡುಗಳನ್ನು ಒಂದೇ ಪೆಟ್ಟಿಗೆಗೆ ಸುರಿಯಲೂಬಾರದು. ಹಾಗೆ ಸುರಿದರೆ ಸಮಾನವಾಗಿ ಏರಿದ ಬೆಣೆಗಳಿಂದಲೇ ಅಸಮಾನ ಅಂತರ ಹುಟ್ಟುತ್ತದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮೋನೋಟೈಪಿನ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. ಎರಡು ಮಾತಿಗೆ ಇಳಿಸುತ್ತೇನೆ. ಟೋಲ್ಬರ್ಟ್ ಲ್ಯಾನ್‌ಸ್ಟನ್ ಕಲ್ಪಿಸಿದ ಆ ಯಂತ್ರ ಬಿಡಿಬಿಡಿ ಮೊಳೆಗಳನ್ನೇ ಎರಕ ಹೊಯ್ಯುತ್ತದೆ, ಆದರೆ ಅಲ್ಲಿಯೂ ಅಂತರ ಕೊಡುವುದು ಬೆಣೆಯೇ. ಎರಡು ಬೆಣೆಗಳಿಗೆ ಹದಿನೈದು ಹದಿನೈದು ಸ್ಥಾನ: ಒಂದರ ಹೆಜ್ಜೆ 0.0075 ಇಂಚು, ಇನ್ನೊಂದರ ಹೆಜ್ಜೆ 0.0005 ಇಂಚು. ಸಣ್ಣ ಬೆಣೆಯ ಹದಿನೈದು ಹೆಜ್ಜೆ ಸೇರಿದರೆ ದೊಡ್ಡದರ ಒಂದು ಹೆಜ್ಜೆ. ಸಾಲು ಮುಗಿದ ಮೇಲೆ ಅಂತರದ ಲೆಕ್ಕವನ್ನು ಕಾಗದದ ಸುರುಳಿಯಲ್ಲಿ ತೂತುಗಳಾಗಿ ಹಾಕುತ್ತಾರೆ. ಎರಕದ ಯಂತ್ರ ಸುರುಳಿಯನ್ನು ಹಿಂದುಮುಂದಾಗಿ ಓದುವುದರಿಂದ ಅದಕ್ಕೆ ಆ ಲೆಕ್ಕವೇ ಮೊದಲು ಸಿಗುತ್ತದೆ. ಅಕ್ಷರಕ್ಕಿಂತ ಮೊದಲು ಅಂತರ.

ವೇಗದ ವಿಚಾರವನ್ನೂ ಮುಟ್ಟಿ ಮುಗಿಸುತ್ತೇನೆ. 1950ರಲ್ಲಿ ಬಂದ ಲೈನೋಟೈಪಿನ ಕಾಮೆಟ್ ಮಾದರಿ ತೂತಿನ ಪಟ್ಟಿಯ ನೆರವಿನಿಂದ ನಿಮಿಷಕ್ಕೆ ಹನ್ನೆರಡು ಸಾಲಿನವರೆಗೂ ಓಡುತ್ತಿತ್ತು. ಅಷ್ಟು ವೇಗದಲ್ಲಿ ಬ್ಯಾಂಡುಗಳಿಗೆ ಆರಲು ಬಿಡುವು ಕಡಿಮೆ, ಸೀಸ ಅಂಟುವ ಸಾಧ್ಯತೆ ಹೆಚ್ಚು. ನಿಮ್ಮ ಯಂತ್ರಕ್ಕೆ ಈಗ ಪತ್ರಿಕೆಯ ಅವಸರವಿಲ್ಲ, ನಿಧಾನವಾಗಿಯೇ ಓಡಿಸಿ.

ಕೊನೆಯದಾಗಿ, ಬ್ಯಾಂಡುಗಳನ್ನು ಸಾಣೆಗೆ ಕೊಡುವವರು ಸ್ಲೀವು ಮತ್ತು ಬೆಣೆಯನ್ನು ಬೇರೆ ಬೇರೆ ಪೊಟ್ಟಣ ಮಾಡಿ ಕಳಿಸಬೇಡಿ. ಒಟ್ಟಿಗೆ ಸವೆದ ಜೋಡಿಯನ್ನು ಒಟ್ಟಿಗೇ ಕೊಡಿ, ಯಾವುದು ಯಾವುದರ ಜೊತೆ ಎಂಬ ಗುರುತನ್ನು ಎರಕದ ಬಾಯಿಯಿಂದ ದೂರವಿರುವ ತುದಿಯಲ್ಲಿ ಹಾಕಿ. ಅಳೆಯುವ ಕ್ರಮವನ್ನು ನೋಡಬೇಕೆನ್ನುವವರು ವೇದಿಕೆಯ ಬಳಿಗೆ ಬನ್ನಿ, ಮೈಕ್ರೊಮೀಟರ್ ಇಲ್ಲೇ ಇದೆ.